ಅಮ್ಮನ ಅಳತೆಯ ಅಡ್ಡಹಲಗೆ

ಅಪ್ಪಾ,

ತೀರಿಹೋದವರ ಜೊತೆ ಜಗಳ ಆಡಬಾರದು ಅಂತಾರೆ. ಆಡದೆ ಇರಲಾರೆ, ಮೈಯೆಲ್ಲ ಉರಿಯುತ್ತಿದೆ.

ರಸ್ತೆ ಅಗಲ ಮಾಡಲು ನಮ್ಮ ಮೆಥಡಿಸ್ಟ್ ಚಾಪೆಲ್, ಆ ಮರದ ಪುಟ್ಟ ಚರ್ಚನ್ನು ಕೆಡವುತ್ತಾರೆ ಎಂದಿದ್ದರಲ್ಲ, ಕೆಡವಲಿಲ್ಲ. ಒಂದೊಂದು ಹಲಗೆಗೂ ನಂಬರು ಬರೆದು ಬಿಚ್ಚಿ, ಲಾರಿಯಲ್ಲಿ ಸಾಗಿಸಿ, ವಸ್ತುಸಂಗ್ರಹಾಲಯದ ಹಿಂದಿನ ಅಂಗಳದಲ್ಲಿ ಮತ್ತೆ ಜೋಡಿಸಿದ್ದಾರೆ. ಬಾಗಿಲಲ್ಲೇ ಅದರ ಚರಿತ್ರೆಯ ಫಲಕ: ಮರದ ಮಿಲ್ಲಿನ ಕೆಲಸಗಾರರು ರಜೆಯ ದಿನಗಳಲ್ಲಿ ಕಟ್ಟಿದ ಚಾಪೆಲ್, ಇಲ್ಲಿ ಯಾರಿಗೂ ಮೀಸಲು ಬೆಂಚು ಇರಲಿಲ್ಲ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಯ ಬೆಂಚಿನ ಮುಂದೆ, ಬಡಗಿಯಾಗಿದ್ದ ನೀನು ಹೊಡೆದ ಅಡ್ಡಹಲಗೆಯೂ ಹಾಗೇ ಇದೆ. ಅದನ್ನು ತೋರಿಸುತ್ತಾ ಗೈಡು, "ನೋಡಿ, ಹಿಂದಿನೋರು ಎಷ್ಟು ಜಾಣರು, ಬಾಗಿಲ ಗಾಳಿ ಒಳಗೆ ನುಗ್ಗದಂಗೆ ತಡೆ ಹಾಕಿದಾರೆ" ಎಂದ. ಎಲ್ಲರೂ ತಲೆದೂಗಿದರು. ಗಾಳಿಯಂತೆ!

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ಒದ್ದೆ ಸೆರಗಿನಲ್ಲೇ ಭಾನುವಾರದ ಪ್ರಾರ್ಥನೆಗೆ ಓಡಿಬರುತ್ತಿದ್ದ ಹೆಂಗಸರು ಹೊರಗಿನ ಅತಿಥಿಗಳ ಕಣ್ಣಿಗೆ ಬೀಳಬಾರದು ಎಂದು ಚಾಪೆಲ್ ಸಭೆಯ ಹಿರಿಯರು ಹಾಕಿಸಿದ ಹಲಗೆ ಅದು. ಆ ಹೆಂಗಸರಲ್ಲಿ ಅಮ್ಮನೂ ಒಬ್ಬಳು. ಅದು ಗೊತ್ತಿದ್ದೂ ಒಪ್ಪಿಕೊಂಡು ಬಂದೆಯಲ್ಲ ನೀನು! ಮನೆಯಲ್ಲಿ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಬೆನ್ನ ಹಿಂದೆ ಹಲಗೆ ನಿಲ್ಲಿಸಿ, ಕಿವಿಯಿಂದ ಪೆನ್ಸಿಲ್ ತೆಗೆದು ಅವಳ ನೆತ್ತಿಯ ಮಟ್ಟಕ್ಕೆ ಗೆರೆ ಎಳೆದೆ. "ನನಗೊಂದು ಒರಗೋ ಕುರ್ಚಿನಾ?" ಎಂದು ಹಿಗ್ಗಿದಳು, ಪಾಪ. ನೀನು "ನಾಲ್ಕು ಬೆರಳು ಜಾಸ್ತಿನೇ ಇರಲಿ" ಎಂದು ಗೊಣಗಿದೆ. ಮುಂದಿನ ಭಾನುವಾರ ಅವಳಿಗೆ ಎಲ್ಲ ತಿಳಿಯಿತು. ಆ ಹಲಗೆಯ ಹಿಂದೆ ಹೋಗಿ ಕೂತಳು. ವರ್ಷಗಳ ಮೇಲೆ ನೀನು ಅವಳಿಗೆಂದು ಬೀರು ಮಾಡಲು ಹೊರಟು, ಮೇಲಿನ ಅರೆ ಎಷ್ಟೆತ್ತರ ಇರಲಿ ಎಂದು ಕೇಳಿದಾಗ, "ನನ್ನ ಅಳತೆ ನಿಮ್ಮ ಹತ್ರ ಇದೆಯಲ್ಲ" ಎಂದಳು. ಆ ಬೀರು ಆಗಲೇ ಇಲ್ಲ.

ಹಿರಿಯರ ಮುಂದೆ ಆಗಲ್ಲ ಎನ್ನಲು ನಿನಗೆ ಬಾಯಿ ಇರಲಿಲ್ಲವೇ? ಅವರು ಬೆನ್ನು ತಟ್ಟಿದರೆಂದು ವಾರವಿಡೀ ಬೀಗಿದ್ದೆ. ನಿನ್ನ ಮರ್ಯಾದೆ ಕಾಯಲು ನಾನೂ ಇಷ್ಟು ವರ್ಷ ತುಟಿ ಬಿಚ್ಚಲಿಲ್ಲ. ನನ್ನ ಮೇಲೂ ಅಷ್ಟೇ ಸಿಟ್ಟಿದೆ.

ಇವತ್ತು ಬಿಚ್ಚಿದೆ. ಸಂಗ್ರಹಾಲಯದ ಮುಖ್ಯಸ್ಥೆ ಪೂರ್ತಿ ಕೇಳಿಸಿಕೊಂಡು, ಹಲಗೆಯ ಹಿಂದಿನ ಪೆನ್ಸಿಲ್ ಗೆರೆಯನ್ನು ತಾವೇ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ನಿಮ್ಮ ತಂದೆ ಹೆಸರು ಕೆಡುತ್ತಲ್ಲಮ್ಮಾ. ಫಲಕದಲ್ಲಿ ಬರೀ ಬಡಗಿ ಅಂತ ಬರೆಸೋಣ್ವಾ?" ಎಂದರು. ಬೇಡ ಎಂದು ಅಲ್ಲೇ ಕೂತು ನಾನೇ ಬರೆದುಕೊಟ್ಟೆ: "ಲಾಂಡ್ರಿಯ ಹೆಂಗಸರು ಕಾಣಬಾರದೆಂದು ಹಾಕಿದ ಹಲಗೆ. ಮಾಡಿದವನು ಅವರಲ್ಲೊಬ್ಬಳ ಗಂಡ. ಹೇಳಿದವಳು ಅವರಿಬ್ಬರ ಮಗಳು."

ನಿನಗೆ ನೆಮ್ಮದಿ ಸಿಗಲಿ, ಅಪ್ಪಾ. ಆದರೆ ಅಮ್ಮನೂ ಈಗ ಅಲ್ಲೇ ಇದ್ದಾಳೆ, ಮೊದಲು ಹೋಗಿ ಅವಳ ಬೆಂಚಿನಲ್ಲಿ, ಅವಳ ಪಕ್ಕ ಕೂತುಕೋ.

ಸಿಟ್ಟು ಇಳಿಯದ,
ನಿನ್ನ ಮಗಳು