ಕಪ್ಪು ಮಡಿಗೆ ನಾನು ಮಾಡಿದ ಮೋಸ

ರ್ಯಾಂಚೊ ಪೆನಾಸ್ಕಿಟೋಸ್,
ಮೇ ೨೦೦೬

ಮೇಷ್ಟ್ರೇ,

ಅಲ್ಲಿ ಮಣ್ಣು ಹೇಗಿದೆ? ಕ್ಷೇಮ ವಿಚಾರಿಸುವ ಮೊದಲು ಇದನ್ನೇ ಕೇಳಬೇಕೆನ್ನಿಸಿತು. ನೀವಾದರೂ ಹೋದ ತಕ್ಷಣ ಅದನ್ನೇ ಚಿವುಟಿ ನೋಡಿರುತ್ತೀರಿ.

ಟೀವಿಯಲ್ಲಿ ಅಮೆಜಾನ್ ನೋಡಿದ ಮರುದಿನ ಬೇಲಿಯ ಮೇಲಿಂದ ನನ್ನನ್ನು ಕೂಗಿದಿರಲ್ಲ? ಮೈಸೂರಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾಗಿ ಮಗಳ ಮನೆಗೆ ಬಂದವರಿಗೆ ಒಬ್ಬ ವಿದ್ಯಾರ್ಥಿ ಬೇಕಿತ್ತು. ಪಕ್ಕದ ಮನೆಯ ಟೆಲಿಕಾಂ ಎಂಜಿನಿಯರ್ ಸಿಕ್ಕಿಬಿದ್ದ.

“ನೋಡಯ್ಯಾ, ಆ ಕಾಡಿನ ಮಣ್ಣಲ್ಲಿ ಸತ್ವಾನೇ ಇಲ್ಲ, ಮಳೆ ತೊಳ್ಕೊಂಡ್ ಹೋಗತ್ತೆ. ಆದ್ರೆ ನದಿ ಪಕ್ಕ ಹಳೇ ಜನ ಇದ್ದ ಜಾಗ ಮಾತ್ರ ಕಾಡಿಗೆ ಥರ ಕಪ್ಪು! ಅವ್ರು ಹೋಗಿ ಎಷ್ಟೋ ಶತಮಾನ ಆದ್ರೂ ಬೆಳೆ ಬರತ್ತೆ. ಇದ್ದಿಲು, ಮೂಳೆ, ಒಡೆದ ಮಡಕೆ, ಅಷ್ಟೇ. ಬೇಕಂತ ಮಾಡಿದ್ರೋ, ಕಸ ಬಿಸಾಕಿ ಬಿಸಾಕಿ ಹಾಗಾಯ್ತೋ?”

“ಮುನಿಸಿಪಾಲಿಟಿ ಲಾರಿ ಬಂದಿರ್ಲಿಲ್ಲ ಅನ್ಸತ್ತೆ ಮೇಷ್ಟ್ರೇ.”

ನೀವು ನಗಲಿಲ್ಲ. ಗುದ್ದಲಿ ಕೊಟ್ಟಿರಿ.

ಲಾಸ್ ಏಂಜಲೀಸ್‌ನ ಮದುವೆ ಮುಗಿಸಿ ಬರುವಾಗ ರೆಡೊಂಡೊ ಬೀಚ್‌ನ ಮೀನಂಗಡಿ ಮುಂದೆ ಕಾರು ನಿಲ್ಲಿಸೆಂದಿರಿ. ನನ್ನಂಥ ಸಸ್ಯಾಹಾರಿಯ ಕಾರಿನಲ್ಲಿ ಒಂದು ಬಕೆಟ್ ಮೀನಿನ ಮುಳ್ಳು, ಎರಡು ಗಂಟೆ ಡ್ರೈವ್! ಹಿಂದಿನ ಸೀಟಿನಲ್ಲಿ ನಿಮ್ಮ ಮಗಳು ನಸೀಮಾ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, “ಅಬ್ಬಾಜಾನ್, ಅಮೆಜಾನ್‌ಗೇ ಕರ್ಕೊಂಡ್ ಹೋಗಿದ್ರೂ ಇಷ್ಟು ವಾಸನೆ ಇರ್ತಿರ್ಲಿಲ್ಲ” ಎಂದಳು. ನಿಮ್ಮ ಹಿತ್ತಿಲಿನಲ್ಲಿ ಅಗೆದ ಪಾತಿಗೆ ಅಷ್ಟೂ ಮುಳ್ಳು ಸುರಿದ ಮೇಲೂ ಅದನ್ನು ‘ಮಡಿ’ ಎಂದು ಕರೆಯುವ ಧೈರ್ಯ ನಮ್ಮ ಭಾಷೆಗಲ್ಲದೆ ಇನ್ಯಾವುದಕ್ಕಿದೆ?

ಒಂದೇ ದಿನ ಎರಡು ಮಡಿಗೆ ದಂಟಿನ ಬೀಜ ಚೆಲ್ಲಿದೆವು. ಒಂದರಲ್ಲಿ ಇದ್ದಿಲು, ಮುಳ್ಳು, ಕುಂಡದ ಚೂರು. ಇನ್ನೊಂದು ಹಿತ್ತಿಲಿನ ಬರೀ ಮಣ್ಣು. ಈಗ ಹೇಳಲೇಬೇಕಾದ ಮಾತು. ನಿಮ್ಮನ್ನು ಗೋಳು ಹೊಯ್ದುಕೊಳ್ಳಲೆಂದು ಆ ಬರೀ ಮಣ್ಣಿಗೆ ನಾನು ಕದ್ದು ಒಂದು ಹಿಡಿ ರಸಗೊಬ್ಬರ ಹಾಕಿದೆ. ಭಾನುವಾರ ಚಹಾ ಕುಡಿಯುವಾಗ ಒಪ್ಪಿಕೊಂಡು ನಗಿಸೋಣ ಎಂದಿದ್ದೆ. ಬರೀ ಮಣ್ಣಿನ ಮಡಿ ಹಸಿರಾಯಿತು, ಕಪ್ಪು ಮಡಿ ಹಳದಿ ತಿರುಗಿತು. “ನಿಮ್ ಥಿಯರಿ ಮಣ್ಣು ಮುಕ್ತು ಮೇಷ್ಟ್ರೇ!” ಎಂದೆ. ನೀವು ಒಂದು ಎಲೆಯನ್ನು ಬೆಳಕಿಗೆ ಹಿಡಿದು, “ಎಲ್ಲಿ ತಪ್ಪಿದ್ವಿ?” ಎಂದಿರಿ. ನನ್ನನ್ನೂ ಸೇರಿಸಿಕೊಂಡು. ಶನಿವಾರ ನಿಮಗೆ ಎದೆನೋವು ಬಂತು, ಭಾನುವಾರದ ಚಹಾಕ್ಕೆ ನೀವು ಉಳಿಯಲಿಲ್ಲ.

ಎರಡು ವರ್ಷ ಆ ಮಡಿಗಳು ಖಾಲಿ ಬಿದ್ದಿದ್ದವು. ಅಗೆದು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಎಲ್ಲೋ ಓದಿದೆ: ಹೊಸ ಇದ್ದಿಲು ಮೊದಮೊದಲು ಮಣ್ಣಿನ ಸಾರವನ್ನು ತಾನೇ ಹೀರಿಕೊಳ್ಳುತ್ತದಂತೆ, ಕೊಡುವುದೆಲ್ಲ ಆಮೇಲಂತೆ. ಹಾಗಾದರೆ ನೀವು ಸೋತದ್ದು ನನ್ನ ಮೋಸಕ್ಕೋ, ಇದ್ದಿಲಿನ ಬಾಯಾರಿಕೆಗೋ? ಯಾರನ್ನು ಕೇಳಲಿ?

ಈ ಮಾರ್ಚಿನಲ್ಲಿ ನಸೀಮಾಳಿಗೆ ಎಲ್ಲ ಹೇಳಿಬಿಟ್ಟೆ. “ಆಸ್ಪತ್ರೇಲೂ ಅದನ್ನೇ ಕೇಳ್ತಿದ್ರು ಮಧು, ಎಲ್ಲಿ ತಪ್ಪಿದ್ವಿ ಅಂತ” ಎಂದಳು. ನಾನು ಎದ್ದು ಮಡಿಗಳ ಕಳೆ ಕೀಳತೊಡಗಿದೆ. ಕೊನೆಗೆ ಅವಳೇ ಬೀಜದ ಪೊಟ್ಟಣ ತಂದಳು. “ಈ ಸಲ ನೀರು ನಾನ್ ಹಾಕ್ತೀನಿ. ನಿನ್ ಕೈ ಮಣ್ಣಿಗೆ ತಾಗ್ಕೂಡ್ದು.”

ನಿನ್ನೆ ಕಿತ್ತೆವು. ಬರೀ ಮಡಿಯ ಸೊಪ್ಪು ಒಂದು ತಟ್ಟೆಯಲ್ಲಿ ಹಿಡಿಯಿತು. ಕಪ್ಪು ಮಡಿಯದಕ್ಕೆ ನಸೀಮಾ ಬಟ್ಟೆಯ ಬುಟ್ಟಿ ಖಾಲಿ ಮಾಡಬೇಕಾಯಿತು. ಗೆದ್ದಿರಿ ಮೇಷ್ಟ್ರೇ!

“ಒಂದ್ ಸಲ ಗೆದ್ರೆ ಪುರಾವೆ ಆಗಲ್ಲಯ್ಯಾ” ಎಂದು ನೀವು ಗೊಣಗುವುದು ಕೇಳಿಸುತ್ತಿದೆ. ಅದಕ್ಕೇ ನಸೀಮಾ ಇವತ್ತು ಎರಡಕ್ಕೂ ಮತ್ತೆ ಬೀಜ ಚೆಲ್ಲಿದ್ದಾಳೆ. ಇನ್ನು ಯಾವ ಮಡಿ ಸೋತರೂ ಅದು ನಿಜವಾಗಿಯೇ ಸೋತಿರುತ್ತದೆ.

ನಿಮ್ಮ
ಮಧು