ಅಜ್ಜನ ಹುಳಿಕೋಸು

ಪ್ರೀತಿಯ ಅತ್ತೆ,

ಜರ್ಮನ್ ಇಂಜಿನಿಯರುಗಳ ಗೆಸ್ಟ್‌ಹೌಸಿನಲ್ಲಿ ಅಡುಗೆಗಿದ್ದಾಗ ಅಜ್ಜ ಕಲಿತ, ಎಲೆಕೋಸನ್ನು ಉಪ್ಪಿನಲ್ಲಿ ಹುಳಿಬರಿಸಿ ಮಾಡುವ ಹುಳಿಕೋಸನ್ನು ನಾವೆಲ್ಲ ಹಳಸಿದ್ದು ಎಂದು ಆಡಿಕೊಳ್ಳುತ್ತಿದ್ದೆವಲ್ಲ, ಅದು ಇಲ್ಲಿ, ನನ್ನ ಕಾಲೇಜಿನ ಊರಿನಲ್ಲಿ ಸಿಕ್ಕಿತು! ಮೂರು ಭಾನುವಾರ ಹುಡುಕಿದೆ. ಎರಡು ಕಡೆ ಬೋರ್ಡ್ ಮಾತ್ರ ಜರ್ಮನ್, ತಂದಿಟ್ಟಿದ್ದು ಬರ್ಗರ್. ಮೂರನೆಯದು ಲಾಂಡ್ರಿಯ ಹಿಂದೆ ಆರೇ ಟೇಬಲ್ಲಿನ ಹೋಟೆಲ್, ಅಡುಗೆಗೆ ವಯಸ್ಸಾದ ಜರ್ಮನ್ ಹೆಂಗಸು. ಒಂದು ತುತ್ತು ತಿಂದೆ, ಥೇಟ್ ಅಜ್ಜನದೇ. ಅಳು ತಡೆಯಲಾಗಲಿಲ್ಲ. ಅವರು ಗಾಬರಿಯಾಗಿ ಓಡಿಬಂದರು.

"ಯಾಕಮ್ಮ, ಅಷ್ಟು ಕೆಟ್ಟದಾಗಿದೆಯಾ?"

"ಇಲ್ಲ, ನಮ್ಮಜ್ಜ ಹೀಗೇ ಮಾಡ್ತಿದ್ರು."

"ಭರಣಿಯಲ್ಲಿ ಎಷ್ಟು ದಿನ ಇಡ್ತಿದ್ರು?"

"ಒಂದು ತಿಂಗಳು, ಮೇಲೆ ಕಲ್ಲು ಹೇರಿ."

"ಹಾಗಾದ್ರೆ ನಿಮ್ಮಜ್ಜನಿಗೆ ಕೆಲಸ ಗೊತ್ತು ಬಿಡು."

ಹಾಸ್ಟೆಲಿನಿಂದ ರಜೆಗೆ ಬಂದಾಗಲೆಲ್ಲ ಅಜ್ಜ ಬಡಿಸಿದ್ದನ್ನು ನಾನು ಮೂಗು ಮುಚ್ಚಿಕೊಂಡು ತಳ್ಳಿಬಿಡುತ್ತಿದ್ದೆ. ಸ್ಟ್ರೋಕ್ ಆದಮೇಲೆ ಫೋನಿನ ಮಾತು ಅವರಿಗೆ ತಿಳಿಯುವುದಿಲ್ಲ ಎಂದಿರಲ್ಲ, ಅದಕ್ಕೇ ಕಾರ್ಡ್ ಹಾಕುತ್ತಿದ್ದೇನೆ. ಪ್ಲೀಸ್, ಆ ಅಡುಗೆಯಮ್ಮ ಕೊನೆಗೆ ಹೇಳಿದ ಮಾತನ್ನು ಅಜ್ಜನ ಎಡಗಿವಿಯ ಹತ್ತಿರ ನಿಧಾನವಾಗಿ ಓದಿ. ತಡವಾಗಿಬಿಡುತ್ತದೋ ಎಂದು ಟೆನ್ಷನ್, ಕ್ಲಾಸಿನಲ್ಲಿ ಏನೂ ತಲೆಗೆ ಹತ್ತುತ್ತಿಲ್ಲ. ಫೋನಿನಲ್ಲಿ ಹೇಳಿದ್ದೆನಲ್ಲ, ಆ ಜ್ವರ ಬಿಟ್ಟಿದೆ. ಜಾಗ ಮುಗಿಯಿತು. ಅವರು ತಲೆಯಾಡಿಸದಿದ್ದರೆ ಇನ್ನೊಂದು ಸಲ ಓದಿ.

ನಿಮ್ಮ ಪುಟ್ಟಿ