ಚಕ್ರಕ್ಕಿಂತ ದೊಡ್ಡ ನಿಂಬೆಹಣ್ಣು

ಲೆಟರ್‌ಕೆನ್ನಿ, ಐರ್ಲೆಂಡ್
ನವೆಂಬರ್ ೯, ಭಾನುವಾರ

ಪ್ರೀತಿಯ ಸತ್ಯಣ್ಣನವರಿಗೆ ಗ್ರೇಸಿ ಸಿಸ್ಟರ್ ಮಾಡುವ ನಮಸ್ಕಾರಗಳು.

ಫೋನು ಕಿವಿಗಿಟ್ಟರೆ ನಿಮಗೆ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಎಂದು ನಿಮ್ಮ ಮೊಮ್ಮಗಳು ಅನನ್ಯಾ ಹೇಳಿದಳು. ಅದಕ್ಕೇ ಈ ಕಾಗದ. ಇಪ್ಪತ್ತು ವರ್ಷಗಳಿಂದ ಕನ್ನಡದಲ್ಲಿ ದಿನಸಿ ಚೀಟಿ ಬಿಟ್ಟು ಬೇರೇನೂ ಬರೆದವಳಲ್ಲ ನಾನು. ಅಕ್ಷರ ಸೊಟ್ಟಗಿದ್ದರೆ ಅದು ಅಭ್ಯಾಸ ತಪ್ಪಿದ್ದಕ್ಕೆ, ಕೈಯ ದೋಷದಿಂದಲ್ಲ. ಕೈ ಸರಿಯಾಗಿದೆ ಸತ್ಯಣ್ಣ. ಇಷ್ಟನ್ನೂ ಬಲಗೈಯಲ್ಲೇ ಬರೆಯುತ್ತಿದ್ದೇನೆ. ಅದನ್ನು ನಿಮಗೆ ಹೇಳಬೇಕೆಂದೇ ಕುಳಿತಿದ್ದೇನೆ.

ಕೈಗೆ ಏನಾಗಿತ್ತು ಎಂದು ನಿಮಗೆ ಗೊತ್ತಿಲ್ಲ. ಮಾರ್ಚಿನಿಂದ ಅನನ್ಯಾಳ ಮೂಲಕ ನಾನು ಕೇಳುತ್ತಿದ್ದ ಪ್ರಶ್ನೆಗಳು ಮಾತ್ರ ನಿಮಗೆ ಗೊತ್ತು. ಜೀಪಿನ ಮುಂದಿನ ಜಾಲರಿಗೆ ಎಷ್ಟು ಸೀಳು, ಸ್ಟೆಪ್ನಿ ಯಾವ ಕಡೆ ಇತ್ತು, ಬಾನೆಟಿನ ಕೊಕ್ಕೆ ಮುರಿದಿದ್ದು ಎಡಗಡೆಯದೋ ಬಲಗಡೆಯದೋ. ಈ ಸಿಸ್ಟರಿಗೆ ಐವತ್ತು ತುಂಬುವ ಮೊದಲೇ ಮರುಳು ಹಿಡಿಯಿತು ಎಂದುಕೊಂಡಿರಬೇಕು. ಆದರೂ ಯಾಕೆ ಎಂದು ಒಂದು ಸಲವೂ ಕೇಳದೆ ಎಲ್ಲದಕ್ಕೂ ಉತ್ತರ ಕೊಟ್ಟಿರಿ. ಜೀಪಿನ ವಿಷಯ ಯಾರು ಕೇಳಿದರೂ ನಿಮಗೆ ಸಾಕು, ಕಾರಣ ಬೇಕಾಗಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಕಸದ ಡಬ್ಬಿಯನ್ನು ಗೇಟಿನವರೆಗೆ ಎಳೆದುಕೊಂಡು ಹೋಗುತ್ತಿದ್ದೆ. ಇಲ್ಲಿ ನೆಲದ ಮೇಲೆ ಕಣ್ಣಿಗೆ ಕಾಣದ ಹಾಗೆ ನೀರು ಹೆಪ್ಪುಗಟ್ಟಿರುತ್ತದೆ. ಜಾರಿ ಬಿದ್ದು ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಒಳಗೆ ಲೋಹದ ಪಟ್ಟಿ ಕೂರಿಸಿದರು. ಎಲುಬು ಕೂಡಿತು, ಆದರೆ ಹೆಬ್ಬೆರಳಿನ ನರ ಹರಿದು ಅದಕ್ಕೊಂದು ಬೇರೆ ಆಪರೇಷನ್ ಆಯಿತು. ಆಮೇಲೆ ಆ ಹೆಬ್ಬೆರಳಿಗೆ ನಾನು ಹೇಳಿದ್ದು ಒಂದು, ಅದು ಮಾಡಿದ್ದು ಇನ್ನೊಂದು.

ನನ್ನ ಕೆಲಸ ನಿಮಗೆ ಗೊತ್ತಲ್ಲ. ಆಪರೇಷನ್ ಟೇಬಲಿನ ಪಕ್ಕ ನಿಂತು, ಸರ್ಜನ್ ಕೈ ಚಾಚಿದೊಡನೆ ಬೇಕಾದ ಉಪಕರಣವನ್ನು ಸರಿಯಾದ ಬದಿಯಲ್ಲಿ ಅವರ ಅಂಗೈಗೆ ಇಡುವುದು. ಈ ಊರಿನಲ್ಲಿ ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದೇನೆ. ಕೈ ಹೀಗಾದ ಮೇಲೆ ನನ್ನನ್ನು ಒಂದು ಫೋನಿನ ಮುಂದೆ ಕೂರಿಸಿದರು. ಬೆಳಗಿನಿಂದ ಸಂಜೆಯವರೆಗೆ ರೋಗಿಗಳಿಗೆ ಫೋನು ಮಾಡಿ, ಆಪರೇಷನ್ನಿಗೆ ಬರುವಾಗ ಉಗುರಿನ ಬಣ್ಣ ತೆಗೆದು ಬನ್ನಿ ಎಂದು ಹೇಳುವುದು. ಅಕ್ಟೋಬರಿನಲ್ಲಿ ಕೈಯ ಪರೀಕ್ಷೆ, ಪಾಸಾದರೆ ಮತ್ತೆ ಆಪರೇಷನ್ ಥಿಯೇಟರ್, ಇಲ್ಲವಾದರೆ ನಿವೃತ್ತಿಯವರೆಗೂ ಫೋನು. ನಿಮ್ಮ ಕೈಯಿಂದ ಸ್ಟೇರಿಂಗ್ ಕಿತ್ತುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಹರಿಯಲು ಕೂರಿಸಿದ್ದರೆ ನಿಮಗೆ ಹೇಗಾಗುತ್ತಿತ್ತೋ ನನಗೂ ಹಾಗೇ ಆಯಿತು. ಎರಡು ತಿಂಗಳು ಮನೆಯವರ ಮೇಲೆಲ್ಲ ರೇಗಾಡಿದೆ.

ಕೈಗೆ ವ್ಯಾಯಾಮ ಹೇಳಿಕೊಡುವವಳು ಓರ್ಲಾ ಎಂಬ ಹುಡುಗಿ. ಬೆರಳಿಗೆ ಸೂಕ್ಷ್ಮ ಕೆಲಸ ಬೇಕು, ದಿನಕ್ಕೆ ಒಂದು ಗಂಟೆ ಸ್ವೆಟರ್ ಹೆಣೆಯಿರಿ ಎಂದಳು. ನನಗೆ ಹೆಣಿಗೆ ಕಂಡರಾಗದು. ಆದರೂ ಉಲ್ಲನ್ ತರೋಣ ಎಂದು ನೆಲ್ಸನ್ ಜೊತೆ ಪೇಟೆಗೆ ಹೋದೆ. ನೆಲ್ಸನ್ ನನ್ನ ಗಂಡ, ಇಲ್ಲಿ ಬಸ್ ಓಡಿಸುತ್ತಾರೆ. ಉಲ್ಲನ್ ಅಂಗಡಿಯ ಪಕ್ಕದ ಅಂಗಡಿಯ ಗಾಜಿನ ಹಿಂದೆ ಒಂದು ಪೆಟ್ಟಿಗೆ ಇತ್ತು. ಅದರ ಮೇಲೆ ಹಳೆಯ ವಿಲ್ಲೀಸ್ ಜೀಪಿನ ಚಿತ್ರ. ಎಡಗಡೆ ಸ್ಟೇರಿಂಗ್, ಮುಂದೆ ಒಂಬತ್ತು ಸೀಳು. ನಾನು ಅಲ್ಲೇ ನಿಂತು, “ಇದು ನಮ್ಮ ಸತ್ಯಣ್ಣನ ಜೀಪು” ಎಂದೆ. “ಉಲ್ಲನ್ ಯಾವ ಬಣ್ಣದ್ದು ಬೇಕು?” ಎಂದು ನೆಲ್ಸನ್ ಕೇಳುತ್ತಲೇ ಇದ್ದರು.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಆ ಘಟ್ಟದ ಬುಡದ ಮಿಷನ್ ಆಸ್ಪತ್ರೆಗೆ ನಾನು ಬಂದಾಗ ಮೊದಲು ಬೈದವರು ನೀವು. ಜೀಪಿನ ಬಾಗಿಲನ್ನು ಜೋರಾಗಿ ಎಳೆದೆ ಎಂದುಕೊಂಡಿದ್ದೆ, ಅದಕ್ಕೆ ಬಾಗಿಲೇ ಇರಲಿಲ್ಲ. ನಾನು ಎಳೆದದ್ದು ನೀವು ಕಟ್ಟಿದ್ದ ಟಾರ್ಪಾಲು. ಸೈನ್ಯದ ಹರಾಜಿನಲ್ಲಿ ಬಂದ ಗಾಡಿ ಅದು. ಹಸಿರಿನ ಮೇಲೆ ಬಿಳಿ ಬಣ್ಣ ಬಳಿದು, ಹಿಂದಿನ ಸೀಟು ಕಿತ್ತು ಸ್ಟ್ರೆಚರ್ ಕೂರಿಸಿ, ಅದನ್ನು ನೀವು ಆಂಬುಲೆನ್ಸ್ ಮಾಡಿದ್ದಿರಿ. ಸ್ಟೇರಿಂಗ್ ಎಡಗಡೆ ಇದ್ದದ್ದರಿಂದ, ಎದುರಿನಿಂದ ಬಸ್ಸು ಬಂದರೆ ಕಂಡಕ್ಟರುಗಳು ಇಣುಕಿ, ಡ್ರೈವರ್ ಎಲ್ಲಿದ್ದಾನೆ ಎಂದು ಹುಡುಕುತ್ತಿದ್ದರು.

ನನಗೆ ಗಾಡಿ ಓಡಿಸಲು ಕಲಿಸಿದವರು ನೀವೇ. ಹಾಗೆಂದು ಪ್ರೀತಿಯಿಂದ ಏನೂ ಕಲಿಸಲಿಲ್ಲ. “ಹೆಬ್ಬೆರಳು ಒಳಗೆ ಹಾಕ್ಬೇಡಿ ಸಿಸ್ಟರ್. ಕಲ್ಲಿಗೆ ಚಕ್ರ ಹೊಡೆದ್ರೆ ಸ್ಟೇರಿಂಗ್ ತಿರುಗಿ ಬೆರಳು ಮುರಿದು ಹಾಕ್ತದೆ. ಮೇಲೆ ಇಡಿ. ಬಿಗಿ ಹಿಡೀಬೇಡಿ ಮಾರಾಯ್ರೆ, ಅದಕ್ಕೆ ದಾರಿ ಗೊತ್ತುಂಟು.” ದಿನಕ್ಕೆ ನಲವತ್ತು ಸಲ ಇದೇ ಮಾತು. ನಿಮಗೆ ಮಲೇರಿಯಾ ಬಂದ ದಿನ ನಾನೇ ಓಡಿಸಬೇಕಾಯಿತು. ನೀವು ಹಿಂದೆ ಸ್ಟ್ರೆಚರಿನಲ್ಲಿ ನಡುಗುತ್ತ ಮಲಗಿಯೂ ಗೇರು ಹೇಳುತ್ತಲೇ ಇದ್ದಿರಿ. ಅವತ್ತು ಒಂದು ಸಲ ಚರಂಡಿಗೆ ಇಳಿಸಿದೆ ನಿಜ. ಮೇಲಕ್ಕೆ ಹತ್ತಿಸಿದ್ದೂ ನಾನೇ.

ಪೆಟ್ಟಿಗೆಯಲ್ಲಿ ನೂರಾ ಮೂವತ್ತೆರಡು ಪ್ಲಾಸ್ಟಿಕ್ ತುಂಡುಗಳಿದ್ದವು. ನಿಜವಾದ ಜೀಪಿನ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಅಳತೆ. ಸ್ಟೇರಿಂಗ್ ಒಂದು ರೂಪಾಯಿ ನಾಣ್ಯಕ್ಕಿಂತ ಸಣ್ಣದು. ಗೇರಿನ ಮೂರು ಲಿವರುಗಳು ಬೆಂಕಿಕಡ್ಡಿಯ ಅರ್ಧದಷ್ಟಿಲ್ಲ. ಚಿಮಟದಲ್ಲಿ ಹಿಡಿದರೆ ಟಪ್ಪನೆ ಹಾರಿ ಎಲ್ಲೋ ಬೀಳುತ್ತಿದ್ದವು. ನಾನು ನೆಲದ ಮೇಲೆ ಅಂಬೆಗಾಲಿಟ್ಟು ಕಾರ್ಪೆಟಿನಲ್ಲಿ ಹುಡುಕುತ್ತಿದ್ದೆ. ಮೊದಲ ತಿಂಗಳು ಮೋಸ ಮಾಡಿದೆ ಸತ್ಯಣ್ಣ. ಕಷ್ಟದ್ದನ್ನೆಲ್ಲ ಎಡಗೈಯಲ್ಲಿ ಮಾಡಿ, ಬಲಗೈಗೆ ಬಣ್ಣ ಬಳಿಯುವ ಕೆಲಸ ಮಾತ್ರ ಕೊಟ್ಟೆ. ಬಲಗೈ ಮತ್ತೆ ಕೈಕೊಟ್ಟರೆ ಎಂಬ ಭಯ. ಓರ್ಲಾ ನನ್ನ ಹೆಬ್ಬೆರಳನ್ನು ಒಂದು ಸಲ ಅದುಮಿ ನೋಡಿ, ಇದು ಏನೂ ಕೆಲಸ ಮಾಡಿಲ್ಲ ಎಂದು ಮುಖಕ್ಕೆ ಹೇಳಿದಳು.

ಮಾಡುವುದಾದರೆ ನಮ್ಮ ಜೀಪಿನ ಹಾಗೆಯೇ ಇರಬೇಕು ಎಂದು ಹಟ ಹಿಡಿದೆ. ಪೆಟ್ಟಿಗೆಯೊಳಗಿನ ಹಾಳೆಯ ಪ್ರಕಾರ ಸ್ಟೆಪ್ನಿ ಹಿಂದಕ್ಕೆ ಅಂಟಿಸಿದ್ದೆ. “ಹಿಂದೆ ಎಲ್ಲಿ ಉಂಟು? ಸ್ಟ್ರೆಚರ್ ಹೇಗೆ ಒಳಗೆ ಹೋಗ್ತದೆ? ಬಲಬದಿಗೆ ಬೋಲ್ಟ್ ಹಾಕಿ ಕೂರಿಸಿದ್ದು” ಎಂದು ನೀವು ಅನನ್ಯಾಳ ಮೊಬೈಲಿನಲ್ಲಿ ಗುಡುಗಿದಿರಿ. ಕಿತ್ತು ಬಲಬದಿಗೆ ಹಾಕಿದೆ. ಬಾನೆಟಿನ ಮುರಿದ ಕೊಕ್ಕೆಗೆ ಟ್ಯೂಬಿನ ರಬ್ಬರು ಕಟ್ಟಿದೆ. ಮೊದಲು ಹಸಿರು ಬಳಿದು, ಒಣಗಿಸಿ, ಅದರ ಮೇಲೆ ಬಿಳಿ ಬಳಿದು, ನಿಮ್ಮ ಬೂಟು ತಾಗುತ್ತಿದ್ದ ಕಡೆ ಬಿಳಿಯನ್ನು ಕೆರೆದೆ. ಜೂನಿನ ಹೊತ್ತಿಗೆ ಬಲಗೈ ಚಿಮಟ ಹಿಡಿಯತೊಡಗಿತು. ಆದರೂ ಕೊರೆಯುವ ಕೆಲಸ ಬಂದಾಗ ಮಾತ್ರ ಎಡಗೈಗೇ ಹೋಗುತ್ತಿದ್ದೆ.

ಮೇಲಿನ ಟಾರ್ಪಾಲನ್ನು ನೆಲ್ಸನ್‌ರ ಕರವಸ್ತ್ರದಲ್ಲಿ ಮಾಡಿದೆ. ಹಿಂದಿನ ಎಡ ಮೂಲೆಯಲ್ಲಿ ನೆನಪಿನಿಂದ ಒಂದು ಹರಕನ್ನೂ ಮಾಡಿದೆ. ಆ ಹರಕಿಗೆ ನೀವು ಥಿಯೇಟರಿನ ಹಸಿರು ಬಟ್ಟೆ ಬೇಡಿ ತೇಪೆ ಹಾಕಿದ್ದು ನೆನಪಿದೆಯೇ? ಹೊಲಿಗೆ ಹಾಕಿಕೊಟ್ಟವಳು ನಾನೇ, ಗಾಯ ಹೊಲಿಯುವ ದಾರದಲ್ಲಿ. ಇಲ್ಲಿ ಥಿಯೇಟರಿನಲ್ಲಿ ಹಸಿರು ಬಟ್ಟೆಯೇ ಇಲ್ಲ. ಬೇರೆ ಬಟ್ಟೆ ಹಾಕಲು ಮನಸ್ಸು ಬರಲಿಲ್ಲ. ಹರಕನ್ನು ಹಾಗೇ ಬಿಟ್ಟೆ.

ಸೆಪ್ಟೆಂಬರ್ ಕೊನೆಗೆ ಜೀಪು ನಾಲ್ಕು ಚಕ್ರದ ಮೇಲೆ ನಿಂತಿತು. ನಮ್ಮ ಮನೆಯಿಂದ ಎರಡು ಮನೆ ಆಚೆ ಡಾಕ್ಟರ್ ಕಿಶೋರ್ ಇದ್ದಾರೆ. ಅವರ ತಾಯಿ ಸಾವಿತ್ರಮ್ಮ ಮಂಡ್ಯದ ಕಡೆಯವರು, ಮೂರು ತಿಂಗಳಿಗೆಂದು ಮಗನ ಮನೆಗೆ ಬಂದಿದ್ದಾರೆ. ಅವರಿಗೆ ಜೀಪು ತೋರಿಸುತ್ತ ನಾನು ಸುಮ್ಮನಿರದೆ, ಆಯುಧಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಹತ್ತಿಸದೆ ಸತ್ಯಣ್ಣ ಗಾಡಿ ಹೊರಗೆ ತೆಗೆಯುತ್ತಿರಲಿಲ್ಲ ಎಂದೆ. ಸಾವಿತ್ರಮ್ಮ ಅದನ್ನು ತಮಾಷೆಯಾಗಿ ತೆಗೆದುಕೊಳ್ಳುವವರಲ್ಲ. ಹಬ್ಬದ ದಿನ ಮಧ್ಯಾಹ್ನ ಅರಿಶಿನ ಕುಂಕುಮದ ಬಟ್ಟಲು ಮತ್ತು ನಾಲ್ಕು ನಿಂಬೆಹಣ್ಣು ಹಿಡಿದು ಬಂದೇಬಿಟ್ಟರು. “ಗಾಡಿ ಅಂದ್ಮೇಲೆ ಗಾಡಿನೇ ಅಲ್ವಾ? ಚಿಕ್ಕದಾದ್ರೆ ಪೂಜೆ ಬಿಡಕ್ಕಾಯ್ತದಾ?” ನೆಲ್ಸನ್ ಬಸ್ಸಿಗೆ ಹೋಗಿದ್ದರು, ಇಲ್ಲವಾದರೆ ಅವರಾದರೂ ತಡೆಯುತ್ತಿದ್ದರೇನೋ. ನಾನು ಚರ್ಚಿಗೆ ಹೋಗುವವಳು, ಆದರೂ ಆ ಜೀಪಿಗೆ ಪೂಜೆ ಬೇಡ ಎನ್ನಲು ನನ್ನಿಂದ ಆಗಲಿಲ್ಲ.

ಬಾನೆಟಿಗೆ ಕುಂಕುಮ ಹಚ್ಚಿದ್ದಾಯಿತು. ನಿಂಬೆಹಣ್ಣನ್ನು ಮುಂದಿನ ಚಕ್ರದ ಪಕ್ಕ ಇಟ್ಟು ನೋಡಿದರೆ, ಹಣ್ಣು ಚಕ್ರಕ್ಕಿಂತ ದೊಡ್ಡದು. ಸಾವಿತ್ರಮ್ಮ ಜೀಪನ್ನು ಎತ್ತಿ ಹಣ್ಣಿನ ಮೇಲೆ ಕೂರಿಸಿದರು. ಅಷ್ಟಕ್ಕೇ ಸಾಕು ಎಂದೆ. “ಹಣ್ಣು ಒಡೀಬೇಕು ಕಣಮ್ಮ, ಅದೇ ಶಾಸ್ತ್ರ” ಎಂದು ಮೇಲಿನಿಂದ ಅಂಗೈಯಲ್ಲಿ ಒತ್ತಿದರು. ಹಣ್ಣು ಒಡೆಯಲಿಲ್ಲ. ಮುಂದಿನ ಆಕ್ಸಲ್ ಚಟ್ಟನೆ ಎರಡಾಯಿತು, ಎಡ ಚಕ್ರ ಉರುಳಿಕೊಂಡು ಹೋಗಿ ಫ್ರಿಜ್ಜಿನ ಕೆಳಗೆ ಸೇರಿತು.

ಆರು ತಿಂಗಳ ಕೆಲಸ ಸತ್ಯಣ್ಣ. ಪರೀಕ್ಷೆಗೆ ಇನ್ನು ಹನ್ನೆರಡು ದಿನ. ನನಗೆ ಅಳು ಬಂತು. “ನನ್ ಕೈಗಿಷ್ಟು ಬೆಂಕಿ ಹಾಕ” ಎಂದು ಸಾವಿತ್ರಮ್ಮ ತಮ್ಮ ಕೈಯನ್ನೇ ಬೈದುಕೊಂಡು, ಆ ವಯಸ್ಸಿನಲ್ಲಿ ನೆಲದ ಮೇಲೆ ಮಲಗಿ, ಪೊರಕೆ ಕಡ್ಡಿಯಲ್ಲಿ ಫ್ರಿಜ್ಜಿನ ಕೆಳಗಿಂದ ಚಕ್ರ ಎಳೆದು ತಂದರು. ಅವರ ಮುಖ ನೋಡಿ ನನ್ನ ಅಳು ನಿಂತಿತು. ಮುರಿದದ್ದನ್ನು ಬರೀ ಅಂಟಿಸಿದರೆ ನಿಲ್ಲುವುದಿಲ್ಲ. ಎರಡು ತುಂಡಿಗೂ ಕೂದಲೆಳೆಗಿಂತ ಸ್ವಲ್ಪ ದಪ್ಪದ ತೂತು ಕೊರೆದು, ಒಳಗೆ ಉಕ್ಕಿನ ತಂತಿ ಸೇರಿಸಿ ಕೂಡಿಸಬೇಕು. ಅದಕ್ಕೆ ಪೆನ್ನಿನಷ್ಟು ಉದ್ದದ ಒಂದು ಕೈಕೊರಕ ಇದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊಸೆಯುತ್ತ ಕೊರೆಯುವುದು. ಸ್ವಲ್ಪ ವಾಲಿದರೂ ಪ್ಲಾಸ್ಟಿಕ್ ಸೀಳುತ್ತದೆ.

ಸಾವಿತ್ರಮ್ಮನನ್ನು ಮನೆಗೆ ಹೋಗಿ ಎಂದರೆ ಹೋಗಲಿಲ್ಲ. ಜೀಪನ್ನು ಮಗುಚಿ, ಅರಿಶಿನ ಮೆತ್ತಿದ ಎರಡೂ ಕೈಯಲ್ಲಿ ಅಲ್ಲಾಡದ ಹಾಗೆ ಹಿಡಿದು ಕುಳಿತರು. ನಾನು ಕೊರೆಯತೊಡಗಿದೆ. ಆಗ ನಿಮ್ಮ ದನಿ ಕೇಳಿಸಿತು. ಬಿಗಿ ಹಿಡೀಬೇಡಿ ಮಾರಾಯ್ರೆ. ಹೆಬ್ಬೆರಳನ್ನು ಸಡಿಲ ಬಿಟ್ಟು ಸುಮ್ಮನೆ ಮೇಲಿಟ್ಟೆ. ಬಿಳಿ ಪುಡಿ ಉದುರುತ್ತ ಹೋಯಿತು. ಒಂದು ತೂತು ಮುಗಿಯಿತು, ಎರಡನೆಯದೂ ಅರ್ಧವಾಗಿತ್ತು. ಸಾವಿತ್ರಮ್ಮ ಮೆಲ್ಲಗೆ, “ಬಲಗೈ ಆಗಕಿಲ್ಲ ಅಂದಿದ್ರಲ್ವಾ ನೀವು?” ಎಂದರು.

ನೋಡಿಕೊಂಡೆ. ಕೊರಕ ಬಲಗೈಯಲ್ಲಿತ್ತು. ಯಾವಾಗ ಆ ಕೈಗೆ ತೆಗೆದುಕೊಂಡೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೂ ಕೆಲಸ ನಿಲ್ಲಿಸಲಿಲ್ಲ. ಎರಡನೆಯದನ್ನೂ ಕೊರೆದು, ತಂತಿ ಸೇರಿಸಿ, ಚಕ್ರ ಕೂರಿಸಿ, ಆಮೇಲೆ ಸಾವಿತ್ರಮ್ಮನನ್ನು ಅಪ್ಪಿಕೊಂಡು ಇನ್ನೊಂದು ಸಲ ಅತ್ತೆ. ನೆಲ್ಸನ್ ಮನೆಗೆ ಬಂದಾಗ ನಾವಿಬ್ಬರೂ ಅದೇ ನಾಲ್ಕು ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿ ತಿನ್ನುತ್ತಿದ್ದೆವು.

ಹದಿಮೂರನೇ ತಾರೀಕು ಪರೀಕ್ಷೆ. ಹಲಗೆಯ ತೂತುಗಳಿಗೆ ಸಣ್ಣ ಗೂಟಗಳನ್ನು ಸಿಕ್ಕಿಸಿದೆ, ಹಿಡಿತ ಅಳೆಯುವ ಯಂತ್ರ ಹಿಂಡಿದೆ. ಕೊನೆಗೆ ಬಾಗಿದ ಸೂಜಿಯನ್ನು ಇಕ್ಕಳಕ್ಕೆ ಸಿಕ್ಕಿಸಿ ಕೊಡುವುದು, ಇಪ್ಪತ್ತು ಸಲ. ಹದಿನಾಲ್ಕನೇ ಸಲಕ್ಕೇ ಓರ್ಲಾ ಗಡಿಯಾರ ಕೆಳಗಿಟ್ಟು, “ಯೂ ಆರ್ ಗ್ರ್ಯಾಂಡ್, ಗ್ರೇಸಿ” ಎಂದಳು. ಈ ಊರಿನಲ್ಲಿ ಟೀ ಚೆನ್ನಾಗಿದ್ದರೂ ಗ್ರ್ಯಾಂಡ್, ಕಾಲು ಮುರಿದವನನ್ನು ಹೇಗಿದ್ದೀರಿ ಎಂದು ಕೇಳಿದರೂ ಗ್ರ್ಯಾಂಡ್. ಆದರೆ ಅವತ್ತಿನದು ಬೇರೆ. ಉಳಿದ ಆರು ಸೂಜಿಗಳನ್ನೂ ನಾನು ಬಿಡದೆ ಮಾಡಿ ಮುಗಿಸಿದೆ.

ಕಳೆದ ಸೋಮವಾರ ಥಿಯೇಟರಿಗೆ ಹೋದೆ. ಸೊಂಟದ ಆಪರೇಷನ್. ಸರ್ಜನ್ ತಲೆ ಎತ್ತದೆ ಕೈ ಚಾಚಿದರು, ನಾನು ಇಟ್ಟೆ. ಮತ್ತೆ ಚಾಚಿದರು, ಮತ್ತೆ ಇಟ್ಟೆ. ಎರಡು ಗಂಟೆ ಹೊತ್ತು ನನ್ನ ಕೈಯನ್ನು ಯಾರೂ ನೋಡಲೇ ಇಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಮಾಸ್ಕಿನ ಒಳಗೆ ಹಲ್ಲೆಲ್ಲ ಬಿಟ್ಟುಕೊಂಡು ನಗುತ್ತಿದ್ದೆ.

ಇಲ್ಲಿ ಉಪಕರಣಗಳನ್ನು ಒಂದು ಬಗೆಯ ನೀಲಿ ಹಾಳೆಯಲ್ಲಿ ಸುತ್ತಿ ಕಳಿಸುತ್ತಾರೆ, ಬಿಚ್ಚಿದ ಮೇಲೆ ಎಸೆಯುವಂಥದ್ದು. ಅವತ್ತು ಮೊದಲು ಬಿಚ್ಚಿದ ಕಟ್ಟಿನಿಂದ ಉಗುರಿನಷ್ಟು ತುಂಡು ಕತ್ತರಿಸಿ ಜೇಬಿಗೆ ಹಾಕಿಕೊಂಡು ಬಂದೆ. ಅದನ್ನು ಟಾರ್ಪಾಲಿನ ಹರಕಿಗೆ ಇಟ್ಟು ಮೂರು ಹೊಲಿಗೆ ಹಾಕಿದೆ. ಈಗ ಜೀಪು ಮುಗಿಯಿತು.

ಡಿಸೆಂಬರಿನಲ್ಲಿ ಊರಿಗೆ ಹೊರಡುವ ಸಾವಿತ್ರಮ್ಮ ಈ ಕಾಗದವನ್ನೂ ನಿಮಗೆಂದು ಜೀಪಿಟ್ಟ ಪೆಟ್ಟಿಗೆಯನ್ನೂ ತರುತ್ತಾರೆ, ಅನನ್ಯಾ ಬೆಂಗಳೂರಿನಲ್ಲಿ ತೆಗೆದುಕೊಳ್ಳುತ್ತಾಳೆ. ದಾರಿಯಲ್ಲಿ ಯಾವ ನಿಂಬೆಹಣ್ಣಿನ ಹತ್ತಿರಕ್ಕೂ ಒಯ್ಯುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಬಾನೆಟಿನ ಕುಂಕುಮ ಎಷ್ಟು ಒರೆಸಿದರೂ ಹೋಗಲಿಲ್ಲ, ನಿಮ್ಮ ಜೀಪಿನ ಮೇಲಿನದೂ ಹೋಗಿರಲಿಲ್ಲ. ಕನ್ನಡಕ ಹಾಕಿಕೊಂಡು ಒಂದೊಂದನ್ನೂ ನೋಡುತ್ತೀರಿ, ತಪ್ಪು ಹುಡುಕುತ್ತೀರಿ, ನನಗೆ ಗೊತ್ತು. ತೇಪೆ ಹಸಿರಾಗಿರಬೇಕಿತ್ತು ಎನ್ನುತ್ತೀರಿ. ಗೊತ್ತಿದ್ದೇ ನೀಲಿ ಹಾಕಿದ್ದೇನೆ. ಅದೊಂದನ್ನು ಮಾತ್ರ ತಿದ್ದಲು ಹೇಳಬೇಡಿ. ಆಮೇಲೆ ಮುಂದಿನ ಎಡ ಚಕ್ರವನ್ನು ಬೆರಳಿನಿಂದ ಒಂದು ಸಲ ತಿರುಗಿಸಿ ನೋಡಿ. ತಿರುಗುತ್ತದೆ.

ನಿಮ್ಮ ಕಣ್ಣು, ಕಾಲು, ಬೈಯುವ ಬಾಯಿ ಮೂರೂ ಇನ್ನು ಬಹಳ ವರ್ಷ ಗಟ್ಟಿಯಾಗಿರಲಿ ಎಂದು ಪ್ರತಿ ಭಾನುವಾರ ಪ್ರಾರ್ಥಿಸುವ,

ನಿಮ್ಮ ಜೀಪನ್ನು ಒಂದೇ ಒಂದು ಸಲ ಚರಂಡಿಗೆ ಇಳಿಸಿದ
ಗ್ರೇಸಿ ಸಿಸ್ಟರ್